ಅನ್ನದ ಅಗಳು ಅಂಟಿಸಿದ ಲಕೋಟೆ

ನನ್ನ ಮೊಮ್ಮಗಳು ಶ್ರೀದೇವಿಗೆ ಕಾಲೇಜಿನ ಕಂಪ್ಯೂಟರ್ ಕೋಣೆಯ ಕೀಲಿಕೈ ಇವತ್ತು ಮಧ್ಯಾಹ್ನ ವಾಪಸ್ ಸಿಕ್ಕಿತು! ನೌಕರಿ ಉಳಿಯಿತು! ಕಮಲಾಪುರದ ನನ್ನ ಜನರೇ, ಮೊದಲು ನಿಮಗೇ ಹೇಳಬೇಕು ಅನ್ನಿಸಿತು. ನಾಲ್ಕನೇ ಇಯತ್ತೆ ಓದಿದವಳ ಅಕ್ಷರ, ಸೊಟ್ಟಗಿದ್ದರೂ ಓದಿಕೊಳ್ಳಿ. ಸಂತೋಷದಲ್ಲಿ ಕೈ ನಿಲ್ಲುತ್ತಿಲ್ಲ. ಆದರೆ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಆ ಕೀಲಿಕೈ ಹೋದದ್ದು ನನ್ನಿಂದ, ನಮ್ಮೂರಿನವನನ್ನು ನಂಬಿದ್ದರಿಂದ.

ಮಗನಿಗೆ ನೆಹರು ಗಂಜ್ ಪೇಟೆಯ ಬೇಳೆ ಅಂಗಡಿಯಲ್ಲಿ ಕೆಲಸ ಸಿಕ್ಕಿತೆಂದು ಕಲಬುರಗಿಗೆ ಬಂದು ಮೂರು ವರ್ಷವಾಯಿತು. ಬಂದ ಹೊಸತರಲ್ಲಿ ಶ್ರೀದೇವಿ ತನಗೆ ಕೆಲಸ ಸಿಕ್ಕ ಕಂಪ್ಯೂಟರ್ ಕೋಣೆ ತೋರಿಸಲು ಕರೆದೊಯ್ದಳು. ಬಾಗಿಲಲ್ಲಿ ಸಾಲು ಚಪ್ಪಲಿ. ಒಳಗೆ ದೇವರಿದ್ದಾನೆಂದು ನಾನೂ ಚಪ್ಪಲಿ ಬಿಟ್ಟು ಕೈ ಮುಗಿದೆ. ನೋಡಿದರೆ ಪೆಟ್ಟಿಗೆಗಳು! ಹೊರಗೆ ಮಕ್ಕಳು ಬಿಸಿಲಲ್ಲಿ ಬೇಯುತ್ತಿದ್ದರೆ ಇವಕ್ಕೆ ಮೈ ನಡುಗುವಷ್ಟು ತಂಪು ಗಾಳಿ.

"ಇವಕ್ಕ ಏನ್ ಜ್ವರ ಬಂದದೇನ?" ಎಂದೆ.

"ಬರಬಾರ್ದಂತನೇ ಆಯಿ," ಎಂದು ನಕ್ಕಳು.

ಅವುಗಳಲ್ಲಿ ದೊಡ್ಡ ಪೆಟ್ಟಿಗೆಗೆ ಸರ್ವರ್ ಅನ್ನುತ್ತಾರೆ. ಕಾಲೇಜಿನ ಹಾಜರಿ, ಅಂಕ ಎಲ್ಲ ಅದರ ಹೊಟ್ಟೆಯಲ್ಲಿ. ಉಳಿದ ಮೇಜುಗಳ ಕಂಪ್ಯೂಟರುಗಳು ತಂತಿಯ ಮೂಲಕ ಅದನ್ನೇ ಕೇಳುತ್ತವೆ. ಅದನ್ನು ಕಾಯುವುದೇ ಶ್ರೀದೇವಿಯ ಕೆಲಸ.

ನಮ್ಮ ಕಮಲಾಪುರದಲ್ಲಿ ಹೊಲಕ್ಕೆ ಹೋಗುವಾಗ ಮನೆಗೆ ಕೀಲಿ ಹಾಕಿ ಕೀಲಿಕೈ ಪಕ್ಕದ ಮನೆಯಲ್ಲಿ ಕೊಡುತ್ತಿದ್ದೆವಲ್ಲ? ಯಾರಾದರೂ ಬಂದರೆ ತೆಗೆದು ಕೂರಿಸಲಿ ಎಂದು. ಇಲ್ಲಿ ಹಾಗಿಲ್ಲ. ಶ್ರೀದೇವಿ ಒಬ್ಬೊಬ್ಬರಿಗೂ ಬೇರೆ ಗುಟ್ಟಿನ ಮಾತು ಕೊಡುತ್ತಾಳೆ, ಅದಕ್ಕೆ ಪಾಸ್‌ವರ್ಡ್ ಅನ್ನುತ್ತಾರೆ. ಹಾಜರಿ ಬರೆಯುವವನಿಗೆ ಹಾಜರಿಯಷ್ಟೇ ತೆರೆಯುತ್ತದೆ, ಬೇರೆಯದು ಇಲ್ಲ. "ಅಂವಾ ಕಳ್ಳ ಅಂತ ಏನ?" ಎಂದು ಜಗಳವಾಡಿದ್ದೆ. "ಕಳ್ಳ ಅಂತಲ್ಲ ಆಯಿ. ಬೇಕಿದ್ದಷ್ಟೇ ಕೊಟ್ರ ನಾಳೆ ಯಾರ ಮ್ಯಾಲೂ ಸಂಶೇ ಬರಂಗಿಲ್ಲ," ಎಂದಳು. ನನಗೆ ಅದು ಮನುಷ್ಯರ ಮಾತು ಅನ್ನಿಸಲಿಲ್ಲ.

ಅವಳು ಪ್ರತಿ ಶನಿವಾರ ಸರ್ವರಿನಲ್ಲಿದ್ದದ್ದನ್ನೆಲ್ಲ ಹಾಡಿನ ಕ್ಯಾಸೆಟ್ಟಿನಂಥ ಟೇಪಿಗೆ ಇಳಿಸಿ ಮನೆಗೆ ತರುತ್ತಿದ್ದಳು. ಕಾಲೇಜಿಗೆ ಬೆಂಕಿ ಬಿದ್ದರೂ ನಕಲು ಬೇರೆ ಕಡೆ ಉಳಿಯಬೇಕಂತೆ. ಅದಕ್ಕೆ ನನ್ನ ಟ್ರಂಕೇ ಜಾಗ, ಮದುವೆಯ ಇಳಕಲ್ ಸೀರೆಯ ಕೆಳಗೆ. ಜೊತೆಗೆ ಅಂಟಿಸಿದ ಒಂದು ಲಕೋಟೆ. ಅದರೊಳಗೆ ಎಲ್ಲ ಬಾಗಿಲು ತೆರೆಯುವ ದೊಡ್ಡ ಪಾಸ್‌ವರ್ಡ್. "ನನಗೇನರ ಆದ್ರ, ಪ್ರಿನ್ಸಿಪಾಲರು ಖುದ್ದ ಬಂದ್ರಷ್ಟೇ ಕೊಡಬೇಕು," ಎಂದಿದ್ದಳು. ಆ ಹೊತ್ತು ನನಗೆ ಎಷ್ಟು ಹಿಗ್ಗು! ಪಟ್ಟಣದಲ್ಲಿ ಯಾರಿಗೂ ಬೇಡವಾದ ಮುದುಕಿಯ ಟ್ರಂಕಿನಲ್ಲಿ ಒಂದು ಕಾಲೇಜಿನ ಜೀವ.

ಹಿಗ್ಗು ಬಾಯಿಗೆ ಬಂದೇ ಬಿಟ್ಟಿತು. ಬಸವರಾಜನಿಗೆ ಹೇಳಿದೆ. ಅವನು ನನ್ನ ಅಣ್ಣನ ಮಗ, ನಾನೇ ಎತ್ತಿ ಆಡಿಸಿದವನು. ಶ್ರೀದೇವಿಯೇ ಹೇಳಿ ಅದೇ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನ ಕೆಲಸ ಕೊಡಿಸಿದ್ದಳು. ಅವನು ಬಂದಾಗಲೆಲ್ಲ ಮನೆಯಲ್ಲಿ ಕಮಲಾಪುರದ ಗಾಳಿ ಬೀಸಿದಂತಾಗುತ್ತಿತ್ತು.

ಒಂದು ಗುರುವಾರ ಮಧ್ಯಾಹ್ನ ಸೈಕಲ್ ಬಾಗಿಲಲ್ಲೇ ಎಸೆದು ಓಡಿ ಬಂದ. "ಅತ್ತಿ, ಸರ್ವರ್ ನಿಂತುಬಿಟ್ಟದ. ಶ್ರೀದೇವಿಗೆ ಬರ್ಲಿಕ್ಕೆ ಬಿಡುವಿಲ್ಲ, ಲಕೋಟಿ ತಾ ಅಂತ ನನಗ ಕಳಿಸ್ಯಾಳ."

"ಪ್ರಿನ್ಸಿಪಾಲರು ಬಂದ್ರಷ್ಟೇ ಅಂದಾಳಲ್ಲೋ."

"ನಾ ಪರಕೀಯನೇನ ಅತ್ತಿ?"

ಆ ಒಂದು ಮಾತಿಗೆ ನನ್ನ ಕೈ ಟ್ರಂಕಿಗೆ ಹೋಯಿತು. ಅವನು ಅಲ್ಲೇ ಲಕೋಟೆ ಬಿಚ್ಚಿ ಅಂಗೈ ಮೇಲೆ ಬರೆದುಕೊಂಡ. ರೊಟ್ಟಿ ತಿನ್ನು ಎಂದರೆ ನಿಲ್ಲಲಿಲ್ಲ. "ಸಂಜಿಗಿ ಆಕಿನ್ನ ಏನೂ ಕೇಳಬ್ಯಾಡ, ದಣದಿರ್ತಾಳ," ಎಂದ. ಎಷ್ಟು ಕಾಳಜಿ ಎಂದುಕೊಂಡೆ. ಲಕೋಟೆಯ ಬಾಯಿಗೆ ಅನ್ನದ ಅಗಳು ಒತ್ತಿ, ಅಂಟಿಸಿ, ಸೀರೆಯ ಕೆಳಗಿಟ್ಟೆ.

ಮುಂದಿನ ವಾರ ಗದ್ದಲವಾಯಿತು. ಹಾಜರಿ ಸಾಲದೆ ಪರೀಕ್ಷೆಗೆ ಕೂರಬಾರದಿದ್ದ ಒಬ್ಬ ಹುಡುಗನ ಹಾಜರಿ ತುಂಬಿತ್ತು. ತುಂಬಿದ್ದು ದೊಡ್ಡ ಪಾಸ್‌ವರ್ಡಿನಿಂದ. ಅದು ಗೊತ್ತಿದ್ದದ್ದು ಶ್ರೀದೇವಿಗೆ ಮಾತ್ರ. ಕೀಲಿಕೈ ಕಸಿದು ಮನೆಗೆ ಕಳಿಸಿದರು. ಹುಡುಗಿ ಅಳಲಿಲ್ಲ. ಟ್ರಂಕು ತೆಗೆದು ಲಕೋಟೆ ಬೆಳಕಿಗೆ ಹಿಡಿದಳು.

"ಆಯಿ, ನಾ ಹಚ್ಚಿದ್ದು ಗೋಂದು. ಇದು ಅನ್ನ."

ಬಸವರಾಜ ಬಂದದ್ದು, ಲಕೋಟೆ ಬಿಚ್ಚಿದ್ದು, ಎಲ್ಲ ಹೇಳಿದೆ. ಅವಳು ಬೈಯಲಿಲ್ಲ, "ಅವನಿಗಿಂತ ನೀನೇ ಆಯಿ..." ಎಂದು ಅರ್ಧಕ್ಕೆ ನಿಲ್ಲಿಸಿದಳು. ಆ ಉಳಿದರ್ಧ ಇನ್ನೂ ಎದೆಯಲ್ಲಿ ಚುಚ್ಚುತ್ತದೆ.

ಇವತ್ತು ಬೆಳಿಗ್ಗೆ ಲಕೋಟೆ ಹಿಡಿದು ನಾನೇ ಪ್ರಿನ್ಸಿಪಾಲರ ಮುಂದೆ ನಿಂತೆ. ಬಸವರಾಜನನ್ನು ಕರೆಸಿದರು. ಅವನು ನನ್ನ ಮುಖ ನೋಡದೆ, "ನಮ್ಮ ಅತ್ತಿಗಿ ವಯಸ್ಸಾಗ್ಯದ್ರೀ ಸರ್, ಕನಸು ಕಂಡಿರ್ತಾಳ. ನಾ ಅವರ ಮನಿಗಿ ಹೋಗೇ ಇಲ್ಲ," ಎಂದ. ನನ್ನ ಮಡಿಲಲ್ಲಿ ಮಲಗಿದ್ದ ಹುಡುಗ!

ಆಗ ಶ್ರೀದೇವಿ ಮೆಲ್ಲಗೆ ಕೇಳಿದಳು: "ಸರ್, ಸರ್ವರ್ ತಾನೇ ಬರಕೊಂಡಿದ್ದು ಒಮ್ಮಿ ನೋಡ್ತೀರೇನ್ರೀ?" ಯಾರು, ಯಾವಾಗ, ಯಾವ ಮೇಜಿನಿಂದ ಒಳಬಂದರು ಎಂದು ಆ ಪೆಟ್ಟಿಗೆ ಬರೆದಿಡುತ್ತದಂತೆ. ಆ ಗುರುವಾರ ನಾಲ್ಕು ಗಂಟೆಗೆ ದೊಡ್ಡ ಪಾಸ್‌ವರ್ಡ್ ಬಂದದ್ದು ಬಸವರಾಜನ ಮೇಜಿನಿಂದ. ಅದೇ ಹೊತ್ತಿಗೆ ಶ್ರೀದೇವಿ ತನ್ನ ಮೇಜಿನಲ್ಲಿ, ದಿನದ ಸಣ್ಣ ಪಾಸ್‌ವರ್ಡಿನಲ್ಲಿ ಕೆಲಸ ಮಾಡುತ್ತಿದ್ದಳು. ದೊಡ್ಡದನ್ನು ಅವಳು ಅಗತ್ಯ ಬಿದ್ದಾಗಷ್ಟೇ ಮುಟ್ಟುತ್ತಿದ್ದಳಂತೆ. ನನ್ನ ಟ್ರಂಕಿನಲ್ಲಿದ್ದ, ಆ ಗುರುವಾರಕ್ಕೆ ಹಿಂದಿನ ಶನಿವಾರದ ಟೇಪು ಹಾಕಿದರೆ ಹಳೆಯ ಹಾಜರಿ ಇದ್ದಂತೆಯೇ ಬಂತು. ಆ ವಿದ್ಯಾರ್ಥಿ ಬಸವರಾಜನ ಹೆಂಡತಿಯ ತಮ್ಮ.

ಬಸವರಾಜ ಹೊರಗೆ ಹೋಗುವಾಗ ಒಮ್ಮೆಯಾದರೂ "ಅತ್ತಿ" ಅನ್ನುತ್ತಾನೆಂದು ಕಾದೆ. ಅನ್ನಲಿಲ್ಲ. ಪರಿಚಯವೇ ಇಲ್ಲದ ಆಫೀಸಿನ ಹೆಣ್ಣುಮಗಳೊಬ್ಬಳು ನನ್ನ ಕೈಗೆ ನೀರು ಕೊಟ್ಟಳು.

ಸಂಜೆ ಮಗ, ಸೊಸೆ, ಶ್ರೀದೇವಿ, ನಾನು ಸುತ್ತ ಕೂತೆವು. ಬಿಸಿ ರೊಟ್ಟಿ, ಪುಂಡಿಪಲ್ಲೆ, ಹೋಳಿಗೆ. ಶ್ರೀದೇವಿ ಚೀಲದಿಂದ ಟೇಪು ತೆಗೆದು ನನ್ನ ಮುಂದಿಟ್ಟಳು.

"ಮತ್ತ ನನ್ನ ಕೈಯಾಗ ಕೊಡ್ತಿ?"

"ಟೇಪ್ ಕೊಡ್ತೀನಿ ಆಯಿ. ಲಕೋಟಿ ಇನ್ನ ಮ್ಯಾಲ ಪ್ರಿನ್ಸಿಪಾಲರ ತಿಜೋರಿಯಾಗ."

"ಬೇಕಿದ್ದಷ್ಟೇ," ಎಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಮಗ ಬಾಗಿಲಿಗೆ ಚಿಲಕ ಹಾಕಲು ಎದ್ದ. ಕಮಲಾಪುರದಲ್ಲಿ ಉಣ್ಣುವ ಹೊತ್ತಿಗೆ ನಾವು ಎಂದೂ ಬಾಗಿಲು ಹಾಕಿದವರಲ್ಲ.

"ಚಿಲಕ ಬ್ಯಾಡಪಾ," ಎಂದೆ. "ಬರೇ ಮುಂದ ಮಾಡು."

ಅವನು ಚಿಲಕ ಹಾಕದೆ ಬಾಗಿಲು ಸುಮ್ಮನೆ ಮುಚ್ಚಿ ಬಂದು ಕೂತ. ನಾವು ಉಂಡೆವು.