ಹಾರುವ ಎತ್ತನ್ನು ಮಾರಿದವರು ಯಾರು?

ಎಂಬತ್ತರ ದಶಕದ ಮೊದಲಲ್ಲಿ ನನಗೆ ಅಣ್ಣಿಗೇರಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ನೌಕರಿ ಸಿಕ್ಕಿತು. ಇದ್ದದ್ದು ತಾಯಿಯ ತಂಗಿ, ಅಂದರೆ ನನ್ನ ಚಿಗವ್ವನ ಮನೆಯಲ್ಲಿ. ಅವಳಿಗೆ ಓದಲು ಬರುತ್ತಿರಲಿಲ್ಲ. ಕಥೆಯ ಚಟ ಮಾತ್ರ ಎಲೆಅಡಿಕೆಯ ಚಟಕ್ಕಿಂತ ಜೋರು. ಸಂಜೆ ಅವಳು ಕಡಲೆ ಹಸನು ಮಾಡುವಾಗ ನಾನು ಗ್ರಂಥಾಲಯದಿಂದ ತಂದ ಒಂದು ಮಾಯಾಲೋಕದ ಕಾದಂಬರಿ ಓದಿ ಹೇಳುತ್ತಿದ್ದೆ. ಊರಿನ ಮಳೆಯನ್ನೆಲ್ಲ ಗಡಿಗೆಯಲ್ಲಿ ಬಚ್ಚಿಟ್ಟ ಬೊಚ್ಚುಬಾಯಿಯ ಮಾಟಗಾತಿ, ಅವಳನ್ನು ಹುಡುಕಿ ಹೊರಟ ರಾಜಕುಮಾರಿ, ರಾಜಕುಮಾರಿಯನ್ನು ಹೊತ್ತು ಹಾರುವ ಬಿಳಿ ಎತ್ತು.

ಕೊನೆಯ ಹಾಳೆಗಳನ್ನು ಯಾರೋ ಪುಣ್ಯಾತ್ಮರು ಹರಿದುಕೊಂಡು ಹೋಗಿದ್ದರು. ಅದನ್ನು ಚಿಗವ್ವನಿಗೆ ಹೇಳಲು ಧೈರ್ಯ ಬರದೆ ನಾನೇ ಒಂದು ಮುಕ್ತಾಯ ಹೊಸೆದೆ: ರಾಜಕುಮಾರಿ ಆ ಮಾಟಗಾತಿ ಮುದುಕಿಯ ಜೊತೆ ಕುಳಿತು ರೊಟ್ಟಿ ಉಣ್ಣುತ್ತಾಳೆ. ವರ್ಷಗಟ್ಟಲೆ ಯಾರೂ ಮಾತಾಡಿಸದ ಮುದುಕಿ ಅಳುತ್ತ ಗಡಿಗೆಯ ಬಾಯಿ ಬಿಚ್ಚುತ್ತಾಳೆ. ಚಿಗವ್ವ ಮೂಗು ಒರೆಸಿಕೊಂಡಳು.

ಮರುವರ್ಷ ಅದೇ ಕಥೆ ಸಿನಿಮಾ ಆಗಿ ಊರಿನ ತಗಡಿನ ಥೇಟರಿಗೆ ಬಂತು. ಭಾನುವಾರ ಮಧ್ಯಾಹ್ನದ ಆಟಕ್ಕೆ ಹೋದೆವು. ಎತ್ತಿನ ಬದಲು ರಟ್ಟಿನ ರೆಕ್ಕೆ ಕಟ್ಟಿಕೊಂಡ ಕುದುರೆ ಬಂತು.

"ಎತ್ತ ಎಲ್ಲೈತಲೇ? ಮಾರ್ಯಾರೇನು?" ಎಂದಳು ಚಿಗವ್ವ, ಇಡೀ ಥೇಟರಿಗೆ ಕೇಳುವಂತೆ.

"ಸುಮ್ನ ನೋಡ ಬೇ."

ಮಾಟಗಾತಿಗೆ ಹಲ್ಲುಗಳೆಲ್ಲ ಇದ್ದವು. ಅವನ್ನು ತೋರಿಸುತ್ತ ಜಲಪಾತದಲ್ಲಿ ಕುಣಿದಳು. ಕಾದಂಬರಿಯಲ್ಲಿ ಎರಡೇ ಸಾಲು ಇದ್ದ ಕುದುರೆ ಕಾಯುವವನು ಇಲ್ಲಿ ನಾಯಕ. ರಾಜಕುಮಾರಿಗೆ ಕಂಬಕ್ಕೆ ಕಟ್ಟಿಸಿಕೊಂಡು ಹಾಡುವುದಷ್ಟೇ ಕೆಲಸ. ಕೊನೆಗೆ ನಾಯಕ ಒಂದೇ ಏಟಿಗೆ ಮಾಟಗಾತಿಯನ್ನೂ ಗಡಿಗೆಯನ್ನೂ ಒಡೆದ. ಮಳೆ ಬಂತು. ಪರದೆಯ ಎಡಗಡೆ ಮಾತ್ರ. ಬಲಗಡೆ ಬಿಸಿಲು ಹಾಗೇ ಇತ್ತು.

ಆಟ ಬಿಟ್ಟೊಡನೆ ಚಿಗವ್ವ ನೇರ ಥೇಟರಿನ ಮಾಲೀಕರ ಎದುರು ನಿಂತಳು. "ಸುಳ್ಳ ಯಾಕ ತೋರಸ್ತೀರಿ? ಆ ಮುದುಕಿ ಸಾಯೂದಿಲ್ಲ. ರೊಟ್ಟಿ ಉಂಡ ಅಳತಾಳ."

"ಅವ್ವಾರ, ನಾನೂ ಪುಸ್ತಕ ಓದೇನ್ರಿ. ರೊಟ್ಟಿ ಎಲ್ಲೂ ಇಲ್ರಿ. ಕಡೀಕ ಆಕೀನ್ನ ಗಡಿಗ್ಯಾಗ ಹಾಕಿ ಮುಚ್ಚತಾರ್ರಿ."

ಅಸಲಿ ಮುಕ್ತಾಯ ನನಗೆ ತಿಳಿದದ್ದು ಅಂದೇ. ಚಿಗವ್ವ ನನ್ನ ರಟ್ಟೆ ಹಿಡಿದು ಮುಂದೆ ಎಳೆದಳು. "ಈಕಿ ಸಾಲಿ ಅಕ್ಕಾರು. ಈಕೀನ್ನ ಕೇಳ್ರಿ."

"ರೊಟ್ಟಿ ಐತ್ರಿ," ಎಂದೆ, ಮಗ್ಗಿ ಹೇಳಿಕೊಡುವ ದನಿಯಲ್ಲಿ.

ಮಾಲೀಕರು ಕೈಮುಗಿದರು. "ಇದ್ದರೂ ಇರಬಹುದ್ರಿ. ಓದಿ ಭಾಳ ದಿನ ಆತು."

ಅರ್ಧ ದಾರಿಯಲ್ಲಿ ಬಾಯಿ ಬಿಟ್ಟೆ. "ಚಿಗವ್ವ, ಆ ರೊಟ್ಟಿ ನಾ ಹುಟ್ಟಿಸಿದ್ದ ಬೇ. ಪುಸ್ತಕದಾಗ ಕಡೀ ಹಾಳೀನ ಇರಲಿಲ್ಲ."

ಅವಳು ನಡಿಗೆ ನಿಲ್ಲಿಸಲಿಲ್ಲ. "ಗೊತ್ತೈತಿ. ಅವತ್ತ ಕಡೀಕ ನೀ ಹಾಳಿ ತಿರುವಲೇ ಇಲ್ಲ. ನನಗ ಓದಾಕ ಬರೂದಿಲ್ಲ, ಕಣ್ಣ ಕಾಣತಾವ."

"ಮತ್ತ ಅವರ ಕೂಡ ಯಾಕ ಜಗಳಾ ತಗದಿ?"

"ನಿಂದ ಅಗದಿ ಚಲೋ ಇತ್ತು. ಅದಕ್ಕ."

ನನಗೆ ನಾಚಿಕೆಯೂ ಆಯಿತು, ಒಳಗೊಳಗೇ ಕೊಬ್ಬೂ ಬಂತು. ಆ ಕೊಬ್ಬು ಒಂದು ವಾರ ಉಳಿಯಿತು. ಮುಂದಿನ ಭಾನುವಾರ ಕಟ್ಟೆಯ ಮೇಲೆ ಚಿಗವ್ವ ಓಣಿಯ ಹೆಂಗಸರಿಗೆ ಅದೇ ಕಥೆ ಹೇಳುತ್ತಿದ್ದಳು. ಕುದುರೆ ಕಾಯುವವನನ್ನು ಕಿತ್ತುಹಾಕಿ, ಅವನ ಜಾಗದಲ್ಲಿ ರಾಜಕುಮಾರಿಗೆ ಒಬ್ಬ ನಾದಿನಿಯನ್ನು ತಂದಿದ್ದಳು. ನಾದಿನಿ ಬಾಯಿ ತೆರೆದ ಮೇಲೆ ಮಾಟಗಾತಿಯನ್ನಾಗಲಿ ನನ್ನ ರೊಟ್ಟಿಯನ್ನಾಗಲಿ ಯಾರೂ ಕೇಳಲಿಲ್ಲ.