ಅಡುಗೆಮನೆಯ ಹಸಿರು ಬಟನ್

ಸಿಡ್ನಿಯ ಆಸ್ಪತ್ರೆಯೊಂದರಲ್ಲಿ ಮಷಿನ್ ರಿಪೇರಿ ಮಾಡುವುದು ನನ್ನ ಕೆಲಸ. ‘ಇದು ಸರಿಯಾಗೇ ಇದೆ’ ಎಂದು ಯಾರಾದರೂ ಹೇಳಿದ ಕೂಡಲೇ ನನಗೆ ಆ ಮಷಿನ್ ಮೇಲೆ ಗುಮಾನಿ ಶುರುವಾಗುತ್ತದೆ. ಮನುಷ್ಯರ ವಿಷಯದಲ್ಲೂ ಇದೇ ಚಾಳಿ. ನನ್ನ ಹೆಂಡತಿ ಇದನ್ನು ರೋಗ ಎನ್ನುತ್ತಾಳೆ, ನಾನು ಅನುಭವ ಎನ್ನುತ್ತೇನೆ.

ಇಂಥ ನನಗೆ ಮೆಲ್ಬರ್ನ್‌ನಿಂದ ಅಕ್ಕನ ಗಂಡ ಫೋನ್ ಮಾಡಿದರು. ನಾವು ಹುಬ್ಬಳ್ಳಿ ಕಡೆಯವರು, ಅಕ್ಕನ ಗಂಡನನ್ನು ಮಾಮಾ ಎಂದೇ ಕರೆಯುವುದು.

“ಮನಿಗೆ ಒಂದ್ ಪೋಕಿ ಮಷಿನ್ ತಂದೀನಿ. ಅದಕ್ಕೊಂದು ರಿಲೇ ಸ್ವಿಚ್ ಮಾಡಿ ಕೊಡ್ತೀಯೇನ?” ಎಂದರು, ಮಿಕ್ಸರ್ ಕೊಂಡು ತಂದವರ ಹಾಗೆ.

ಪೋಕಿ ಎಂದರೆ ಇಲ್ಲಿನ ಕ್ಲಬ್ಬು, ಪಬ್ಬುಗಳಲ್ಲಿ ಸಾಲಾಗಿ ಕೂತಿರುವ ಜೂಜಿನ ಮಷಿನ್. ಬಟನ್ ಒತ್ತಿದರೆ ಚಿತ್ರಗಳು ತಿರುಗುತ್ತವೆ, ಎಲ್ಲ ಒಂದೇ ಥರ ನಿಂತರೆ ಗೆದ್ದ ಹಾಗೆ. ಮಾಮಾ ಅದರ ಮುಂದೆ ಕೂತು ಮನೆ ಮುರಿಯುವ ಹಂತಕ್ಕೆ ಹೋಗಿ ಬಂದವರು. ಒಂದು ಭಾನುವಾರ ಕೊತ್ತಂಬರಿ ತರುತ್ತೇನೆಂದು ಬೆಳಿಗ್ಗೆ ಹೋದವರು ಸಂಜೆ ಮನೆಗೆ ಬಂದಾಗ ಕೊತ್ತಂಬರಿಯೂ ಇರಲಿಲ್ಲ, ಮನೆಸಾಲದ ಕಂತಿಗೆ ಕಟ್ಟಬೇಕಿದ್ದ ದುಡ್ಡೂ ಇರಲಿಲ್ಲ. ಅಕ್ಕ ಅವತ್ತು ಕೂಗಾಡಲಿಲ್ಲವಂತೆ. “ಇನ್ನೊಮ್ಮೆ ಹಿಂಗಾದ್ರ ನಾ ತಮ್ಮನ ಮನಿಗೆ ಹೋಗಿಬಿಡ್ತೀನಿ. ಹೊಳ್ಳಿ ಬರಂಗಿಲ್ಲ” ಎಂದಷ್ಟೇ ಹೇಳಿದಳಂತೆ. ಆಮೇಲೆ ಕ್ಲಬ್ಬಿನ ಬಾಗಿಲು ತುಳಿದಿಲ್ಲ ಎಂಬುದು ಮಾಮಾನ ಮಾತು. ನಾನು ಮಾತ್ರ ಸಿಡ್ನಿಯ ಪೆಂಡಲ್ ಹಿಲ್‌ನ ನಮ್ಮ ಫ್ಲ್ಯಾಟಿನಲ್ಲಿ ಅಕ್ಕನಿಗೆಂದು ಒಂದು ರೂಮನ್ನು ಖಾಲಿಯಾಗಿಯೇ ಇಟ್ಟಿದ್ದೆ.

ಈಗ ಅದೇ ಮನುಷ್ಯ ಅದೇ ಮಷಿನ್ನನ್ನು ಮನೆಯೊಳಕ್ಕೇ ಕರೆತಂದಿದ್ದರು. ಹಳೆಯದು, ಜಪಾನಿನದು, ದುಡ್ಡು ಹಾಕುವಂಥದ್ದಲ್ಲ, ಟೋಕನ್ ಹಾಕುವಂಥದ್ದು ಎಂದು ಬಡಬಡಿಸಿದರು. ಜಪಾನಿನ ವೋಲ್ಟೇಜ್ ಕಡಿಮೆ, ಹಾಗಾಗಿ ಅದಕ್ಕೊಂದು ಟ್ರಾನ್ಸ್‌ಫಾರ್ಮರ್ ಬೇಕು. ಮಷಿನ್ನಿನ ಸ್ವಿಚ್ ಇರುವುದು ಒಳಗೆ, ಕೀಲಿ ತೆಗೆದು ಕೈ ಹಾಕಬೇಕು. ಹೊರಗೆ ಬಟನ್ ಇದ್ದರೆ ಅನುಕೂಲ. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು, ಅದಕ್ಕೇ ನನಗೆ ಅನುಮಾನ.

“ಚಾಲೂ ಮಾಡೂ ಬಟನ್ ಅಡಗಿ ಮನ್ಯಾಗ ಬೇಕು. ಬಂದ್ ಮಾಡೂದು ಗ್ಯಾರೇಜಿನ್ಯಾಗ, ಮಷಿನ್ ಬಾಜೂಕ. ವೈರ್ ಉದ್ದ ಇಡು” ಎಂದರು.

“ಅಡಗಿ ಮನ್ಯಾಗೂ ಒಂದ್ ಬಂದ್ ಮಾಡೂದು ಹಾಕ್ತೀನಿ ಮಾಮಾ. ಸೇಫ್ಟಿ.”

“ಬ್ಯಾಡ. ಚಾಲೂ ಮಾಡೂದು ನಿಮ್ಮಕ್ಕನ ಕೈಯಾಗ. ಬಂದ್ ಮಾಡೂದು ನನ್ನ ಕೈಯಾಗ. ಅಷ್ಟ.”

ಫೋನ್ ಇಟ್ಟ ಮೇಲೆ ನನ್ನ ತಲೆ ಓಡತೊಡಗಿತು. ಅಕ್ಕನಿಗೆ ಆರಿಸುವ ಅಧಿಕಾರ ಯಾಕಿಲ್ಲ? ಒಮ್ಮೆ ಚಾಲೂ ಆದರೆ ಇವರು ರಾತ್ರಿಯಿಡೀ ಕೂರಬಹುದಲ್ಲ? ಅಕ್ಕನನ್ನೇ ಮುಂದೆ ಮಾಡಿಕೊಂಡು ಹಳೆಯ ಆಟ ಶುರುವಿಟ್ಟಿದ್ದಾರೆ ಎಂದು ನನಗೆ ಖಾತ್ರಿಯಾಯಿತು, ಸಿಟ್ಟೂ ಬಂತು. ಆದರೂ ಸ್ವಿಚ್ ಮಾಡಲು ಕೂತೆ. ನಾನು ಮಾಡದಿದ್ದರೆ ಇವರೇ ಮೇನ್ಸ್ ವೈರ್ ಬಿಚ್ಚಿ ಏನೋ ಒಂದು ಮಾಡಿಕೊಂಡು ಅಕ್ಕನನ್ನು ಬೇರೆ ರೀತಿಯಲ್ಲಿ ಒಂಟಿ ಮಾಡಿಯಾರು.

ಸರ್ಕ್ಯೂಟ್ ಸರಳ. ಮೇನ್ಸ್ ಕರೆಂಟೆಲ್ಲ ಒಂದು ಮುಚ್ಚಿದ ಪೆಟ್ಟಿಗೆಯೊಳಗೆ, ಬಟನ್‌ಗಳ ಕಡೆ ಹೋಗುವುದು ಹನ್ನೆರಡು ವೋಲ್ಟ್ ಮಾತ್ರ. ಹಸಿರು ಬಟನ್ ಒತ್ತಿದರೆ ರಿಲೇ ಟಕ್ ಎಂದು ಕೂಡಿಕೊಂಡು ಮಷಿನ್‌ಗೆ ಕರೆಂಟು ಬಿಡುತ್ತದೆ. ಬಟನ್‌ನಿಂದ ಕೈ ತೆಗೆದರೂ ಅದು ತನ್ನನ್ನು ತಾನೇ ಹಿಡಿದುಕೊಂಡಿರುತ್ತದೆ. ಕೆಂಪು ಬಟನ್ ಒತ್ತಿದಾಗ ಮಾತ್ರ ಆ ಹಿಡಿತ ಬಿಡುತ್ತದೆ. ಡೈನಿಂಗ್ ಟೇಬಲ್ ಮೇಲೆ ಒಂದು ಟೇಬಲ್ ಲ್ಯಾಂಪ್ ಕಟ್ಟಿ ಪರೀಕ್ಷೆ ಮಾಡಿದೆ. ಸರಿಯಾಗಿತ್ತು. ನಂಬಿಕೆ ಬಾರದೆ ಬಿಚ್ಚಿ ಮತ್ತೆ ಜೋಡಿಸಿದೆ. ಅಕ್ಕನಿಗೆಂದು ಇನ್ನೊಂದು ಕೆಂಪು ಬಟನ್‌ಗೂ ವೈರ್ ಬೆಸೆದು, ಮಾಮಾನಿಗೆ ಹೇಳದೆ ಚೀಲದಲ್ಲಿ ಇಟ್ಟುಕೊಂಡೆ.

ದಸರೆಗೆ ಮೆಲ್ಬರ್ನ್‌ಗೆ ಹೊರಟಾಗ ಏರ್‌ಪೋರ್ಟಿನಲ್ಲಿ ಸರಿಯಾಗಿ ಸಿಕ್ಕಿಬಿದ್ದೆ. ಸುತ್ತಿದ ವೈರು, ಕೆಂಪು ಬಟನ್, ಪೆಟ್ಟಿಗೆ ಒಡೆಯದಿರಲೆಂದು ಸುತ್ತಲೂ ತುರುಕಿದ್ದ ಶೇಂಗಾ ಚಟ್ನಿಪುಡಿಯ ಪೊಟ್ಟಣಗಳು. ಎಕ್ಸ್‌ರೇಯಲ್ಲಿ ಅದು ಹೇಗೆ ಕಂಡಿತೋ! ಸೆಕ್ಯುರಿಟಿಯವರು ಪುಡಿ ಮುಟ್ಟಿ, ಸ್ಫೋಟಕದ ಪರೀಕ್ಷೆಗೆಂದು ಪೆಟ್ಟಿಗೆ ಒರೆಸಿ, ನನ್ನ ಮುಖ ನೋಡಿದರು. ಅಕ್ಕನ ಗಂಡನ ಪೋಕಿ ಮಷಿನ್ನಿನ ಸ್ವಿಚ್ ಎಂದು ನಿಜ ಹೇಳಿದೆ. ನಿಜ ಹೇಳಿದರೂ ಯಾರೂ ನಂಬದಿರುವಾಗ ಎಷ್ಟು ಉರಿಯುತ್ತದೆಂದು ಅವತ್ತು ತಿಳಿಯಿತು. ವಿಮಾನ ಹತ್ತಿದ ಮೇಲೆ ಮಾಮಾನ ಮೇಲಿನ ಗುಮಾನಿಗೆ ಮರಳಿದೆ.

ನಾನು ಹೋದ ಮರುದಿನವೇ ಖಂಡೆ ಪೂಜೆ, ಅಂದರೆ ಆಯುಧಪೂಜೆ. ಬೆಳಿಗ್ಗೆಯೇ ಸ್ವಿಚ್ ಕೂಡಿಸಿ ಮುಗಿಸಿದೆ. ಮಾಮಾ ಟಾರ್ಚ್ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಮಷಿನ್ ಬಣ್ಣ ಮಾಸಿತ್ತು, ಕೆಳಗಿನ ತಟ್ಟೆಯಲ್ಲಿ ಟೋಕನ್‌ಗಳಿದ್ದವು. ನಾಣ್ಯ ಹಿಡಿಯುತ್ತದೋ ಎಂದು ನಾನು ಕಳ್ಳನ ಹಾಗೆ ನನ್ನ ಜೇಬಿನ ಡಾಲರ್ ಒಂದನ್ನು ಹಾಕಿ ನೋಡಿದೆ. ಮಷಿನ್ ಅದನ್ನು ಹಾಗೇ ಉಗುಳಿತು. ಮಾಮಾ ನೋಡಿಯೂ ನೋಡದವರಂತೆ ಇದ್ದರು.

ನಮ್ಮ ಅಕ್ಕ ಈ ಪೂಜೆಯಲ್ಲಿ ಬಲು ಕಟ್ಟುನಿಟ್ಟು. ಪೂಜೆಗೆ ಕೂತ ವಸ್ತುವನ್ನು ಮರುದಿನ ಬನ್ನಿ ಮುಡಿಯುವವರೆಗೆ ಬಳಸುವಂತಿಲ್ಲ. ಮಿಕ್ಸರ್, ಲ್ಯಾಪ್‌ಟಾಪ್, ಕಾರು, ಎಲ್ಲಕ್ಕೂ ಕುಂಕುಮ ಹಚ್ಚಿ ಹೂ ಇಟ್ಟಳು. ಕೊನೆಗೆ ಆರತಿ ತಟ್ಟೆ ಹಿಡಿದು ಗ್ಯಾರೇಜಿಗೆ ಬಂದಾಗ ಮಾಮಾ ಉಸಿರು ಹಿಡಿದು ನಿಂತರು. ಅಕ್ಕ ಮಷಿನ್ ಕಡೆ ತಿರುಗಿಯೂ ನೋಡಲಿಲ್ಲ. ಗೋಡೆಯ ಮೇಲಿನ ನನ್ನ ರಿಲೇ ಪೆಟ್ಟಿಗೆಗೆ ಕುಂಕುಮ ಇಟ್ಟು ಒಳಗೆ ಹೋದಳು.

ನಾನು ಹಿಂದೆಯೇ ಹೋಗಿ ಚೀಲದಿಂದ ಆ ಇನ್ನೊಂದು ಕೆಂಪು ಬಟನ್ ತೆಗೆದೆ. “ಅಕ್ಕಾ, ಇದನ್ನ ಇಲ್ಲೇ ಒಲಿ ಬಾಜೂಕ ಹಾಕ್ತೀನಿ. ಅವರಿಗೆ ಹೇಳೂದು ಬ್ಯಾಡ.”

“ಬ್ಯಾಡೋ ತಮ್ಮಾ. ಮಷಿನ್ ತರ್ರಿ ಅಂದಾಕಿ ನಾನ. ಎಲ್ಲೆ ಹೋಗ್ಯಾರೋ ಅಂತ ಸಾಯೂದಕ್ಕಿಂತ ಗ್ಯಾರೇಜಿನ್ಯಾಗ ಅದಾರಂತ ಗೊತ್ತಿದ್ರ ಸಾಕು ಅನ್ನಿಸ್ತು. ಬಂದ್ ಮಾಡೂದು ಅವರ ಮಾಡ್ಬೇಕು. ನಾ ಎಷ್ಟಂತ ಎಳಕೊಂಡು ಬರ್ಲಿ?”

ಬಟನ್ ಮತ್ತೆ ಚೀಲ ಸೇರಿತು. ಗುಮಾನಿ ಮಾತ್ರ ಕದಲಲಿಲ್ಲ.

ಸಂಜೆ ನಾನೂ ಅಕ್ಕನೂ ಹಿಂದಿನ ಅಂಗಳದ ಕಡೆಗಿರುವ ಅಡುಗೆಮನೆಯಲ್ಲಿ ಹೋಳಿಗೆಯ ಹೂರಣ ಕಟ್ಟುತ್ತ ಕೂತಿದ್ದೆವು. ಕಟ್ಟಿನ ಸಾರಿಗೆ ಕೊತ್ತಂಬರಿ ಇಲ್ಲವೆಂದು ಅಕ್ಕ ಗೊಣಗಿದ್ದೇ ತಡ, ಮುಂಬಾಗಿಲಿನಿಂದ ಮಾಮಾನ ದನಿ ಬಂತು: “ನಾ ತರ್ತೀನಿ.” ಬಾಗಿಲು ಮುಚ್ಚಿಕೊಂಡಿತು.

ಅಕ್ಕನ ಕೈಯಲ್ಲಿದ್ದ ಹೂರಣದ ಉಂಡೆ ಹಾಗೇ ಉಳಿಯಿತು. ಅಂಗಡಿ ಕಾರಿನಲ್ಲಿ ಐದು ನಿಮಿಷದ ದಾರಿ. ಅದರ ಎದುರಿಗೇ ಕ್ಲಬ್ಬು. ಹೂರಣ ಮುಗಿಯಿತು, ಸಾರು ಕುದಿಯಿತು, ಮಾಮಾ ಬರಲಿಲ್ಲ. ನಾನು ಫೋನ್ ಹಚ್ಚಿದೆ. ಪಕ್ಕದ ರೂಮಿನಲ್ಲೇ ರಿಂಗಾಯಿತು. ಹಿಂದೆ ಕ್ಲಬ್ಬಿಗೆ ಹೋಗುವಾಗಲೂ ಫೋನ್ ಮನೆಯಲ್ಲೇ ಬಿಟ್ಟು ಹೋಗುತ್ತಿದ್ದರು. ಅಕ್ಕ ಒಲೆ ಆರಿಸಿದಳು.

“ಹೋಗಿ ನೋಡ್ಲೇನು?” ಎಂದೆ.

“ಬ್ಯಾಡ.” ಅವಳು ಎದ್ದು ಗೋಡೆಯ ಹಸಿರು ಬಟನ್ ಒತ್ತಿದಳು. ಗ್ಯಾರೇಜಿನಲ್ಲಿ ಮಷಿನ್ ಎಚ್ಚೆತ್ತು ತನ್ನ ಮಕ್ಕಳಾಟಿಕೆಯ ಸಂಗೀತ ಶುರು ಮಾಡಿತು. ಅದರ ಮುಂದೆ ಯಾರೂ ಇರಲಿಲ್ಲ.

“ಅವರು ಬಂದು ಬಂದ್ ಮಾಡಿದ್ರ ಸರಿ. ನೀನು ಹೋಗಿ ಮುಟ್ಟಬ್ಯಾಡ. ಕತ್ತಲಾಗೂದ್ರೊಳಗ ಬರ್ಲಿಲ್ಲಂದ್ರ ನಾಳೆ ನಿನ್ನ ಜೋಡಿ ನನಗೂ ಒಂದು ಟಿಕೆಟ್ ಬುಕ್ ಮಾಡು.”

ನಾವು ಕೂತೆವು. ಸಂಗೀತ ಮುಗಿದು ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಅನುಮಾನ ನಿಜವಾದಾಗ ನನಗೆ ಒಳಗೊಳಗೆ ಒಂದು ಖುಷಿಯಾಗುವುದುಂಟು. ಅವತ್ತು ಆಗಲಿಲ್ಲ. ಈ ಒಂದು ಸಲ ನಾನು ತಪ್ಪಾಗಲಿ ಎಂದು ಬೇಡಿಕೊಂಡೆ. ಕಿಟಕಿಯ ಹೊರಗೆ ಬೇಲಿಯ ಮೇಲಿನ ಬಿಸಿಲು ಹೋಗಿತ್ತು. ಅಕ್ಕ ಬಳೆ ತಿರುಗಿಸುತ್ತ ಕೂತಿದ್ದಳು.

ಸಂಗೀತ ನಡುವಿನಲ್ಲೇ ನಿಂತಿತು.

ಮಾಮಾ ಗ್ಯಾರೇಜಿನ ಬಾಗಿಲಿನಿಂದಲೇ ಒಳಗೆ ಬಂದರು. ಅಂಗಿ ಬೆವರಿನಿಂದ ಒದ್ದೆಯಾಗಿತ್ತು, ಕೈಯಲ್ಲಿ ಎರಡು ಕಟ್ಟು ಕೊತ್ತಂಬರಿ. “ಅದ್ಯಾಕ ಚಾಲೂ ಇತ್ತು?” ಎಂದು ಕೇಳಿ ನಮ್ಮಿಬ್ಬರ ಮುಖ ನೋಡಿದರು. ಅರ್ಥವಾದಂತಿತ್ತು. “ಪೂಜಾ ಮಾಡಿದ ಗಾಡಿ, ಹೆಂಗ ಹೊರಗ ತಗೀಲಿ? ನಡಕೊಂಡು ಹೋಗಿ ಬಂದೆ.”

ನಾನು ಮುಂದಿನ ಕೋಣೆಗೆ ಹೋಗಿ ಕಿಟಕಿಯಿಂದ ನೋಡಿದೆ. ಕಾರು ಡ್ರೈವ್‌ವೇಯಲ್ಲಿ ಇದ್ದಲ್ಲೇ ಇತ್ತು, ಅಕ್ಕ ಇಟ್ಟ ಚೆಂಡುಹೂ ಬಾನೆಟ್ ಮೇಲೆ ಹಾಗೇ ಕೂತಿತ್ತು. ಕುಂಕುಮ ಹಚ್ಚಿದವಳಿಗೂ ಅದು ನೆನಪಾಗಿರಲಿಲ್ಲ, ಪಕ್ಕದಲ್ಲಿ ನಿಂತು ನೋಡಿದ ನನಗೂ ನೆನಪಾಗಿರಲಿಲ್ಲ.

ಒಳಗೆ ಅಕ್ಕ ಕೊತ್ತಂಬರಿ ಇಸಿದುಕೊಂಡಿದ್ದಳು. ತೊಳೆಯಲಿಲ್ಲ, ಎರಡೂ ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದಳು.

“ಆ ಪೆಟ್ಟಿಗಿನೂ ಪೂಜಾದಾಗ ಇತ್ತು. ನಾನ ಚಾಲೂ ಮಾಡಿಬಿಟ್ಟೆ ನೋಡ್ರಿ. ತಪ್ಪಾತು” ಎಂದಳು. ದೇವರ ಕೋಣೆ ಅವಳ ಬೆನ್ನ ಹಿಂದಿತ್ತು. ಅವಳು ನೋಡುತ್ತಿದ್ದದ್ದು ಮಾಮಾನನ್ನು.

“ಇರ್ಲಿ ಬಿಡು” ಎಂದರು ಮಾಮಾ. “ನಾ ಬಂದ್ ಮಾಡಿ ಬಂದೀನಲ್ಲ.”