ಅವ್ವನ ಕೊರಳಿನ ಸ್ಕ್ಯಾನು

ಅವ್ವನ ಬಲಗೈಯಿಂದ ರೊಟ್ಟಿ ಜಾರಿ ಬಿತ್ತು, ಮಾತು ತೊದಲಿತು, ಹತ್ತು ನಿಮಿಷಕ್ಕೆಲ್ಲ ಸರಿಹೋಯಿತು. ಅಷ್ಟರೊಳಗೆ ನಿಂಬರ್ಗಾದ ನಮ್ಮ ಪಡಸಾಲೆಯಲ್ಲಿ ಒಂದು ಮೆಡಿಕಲ್ ಕಾಲೇಜೇ ಶುರುವಾಗಿತ್ತು. ಕಾಕಾ ಗ್ಯಾಸ್ ಅಂದರು. ಕಾಕು ದೃಷ್ಟಿ ಅಂತ ಉಪ್ಪು-ಮೆಣಸಿನಕಾಯಿ ಇಳಿಸಿದಳು. ಪಕ್ಕದ ಮನೆಯವರು ಪಿತ್ತ ಅಂದರು. ಕಾಲು ಮುರಿದರೂ ಅವರಿಗೆ ಅದು ಪಿತ್ತವೇ.

ಆಳಂದದ ಡಾಕ್ಟರು, ಪಾಪ, ಇಷ್ಟೆಲ್ಲ ಓದಿದವರಲ್ಲ. ಅವ್ವನ ಕೊರಳಿಗೆ ಸ್ಟೆತಸ್ಕೋಪ್ ಹಚ್ಚಿ ಬಹಳ ಹೊತ್ತು ಕೇಳಿದರು. “ಮಿದುಳಿಗೆ ಹೋಗೋ ರಕ್ತನಾಳ ಸಣ್ಣ ಆಗಿರಬೇಕ್ರಿ. ಮುಂದಿನ ಸಲ ಹತ್ತ ನಿಮಿಷಕ್ಕ ಬಿಡಂಗಿಲ್ಲ, ಲಕ್ವಾ ಹೊಡೀತದ. ಕಲಬುರಗಿಗಿ ಹೋಗಿ ಸ್ಕ್ಯಾನ್ ಮಾಡಸ್ರಿ,” ಅಂದರು.

ಕಲಬುರಗಿಯಲ್ಲಿ ವಿವರಿಸಿದರು: ಕೈಗೆ ಸೂಜಿ ಹಾಕಿ ಔಷಧ ಬಿಡುತ್ತಾರೆ, ಅದು ನಾಳಗಳಲ್ಲಿ ಓಡುವಾಗ ಮಷೀನು ಫೋಟೊ ತೆಗೆಯುತ್ತದೆ, ಎಲ್ಲಿ ಕಟ್ಟಿಕೊಂಡಿದೆಯೋ ಅಲ್ಲಿ ಕಾಣುತ್ತದೆ. ಕೊರಳಲ್ಲಿ, ಎದೆಯ ಮೇಲೆ ಲೋಹ ಇರಬಾರದು. ಅವ್ವ ಓಲೆ ಬಿಚ್ಚಿದಳು, ಸರ ಬಿಚ್ಚಿದಳು. ಇಷ್ಟಲಿಂಗವಿದ್ದ ಬೆಳ್ಳಿ ಕರಡಿಗೆಯ ಹತ್ತಿರ ನನ್ನ ಕೈ ಹೋಯಿತೋ ಇಲ್ಲವೋ, ಪಟ್ಟನೆ ಹೊಡೆದಳು.

“ಸತ್ತ ಮ್ಯಾಲೂ ಇದನ್ನ ಬಿಚ್ಚಂಗಿಲ್ಲ. ಬದುಕಿದ್ದಾಗ ಬಿಚ್ಚಂತೀ ಏನಲೇ?”

ನಾನು ಅಫಜಲಪುರದ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ಬಿಟ್ಟೇನೇ? ಶರಣರು, ಆಚಾರ, ಅಂತರಂಗ ಅಂತ ಅಲ್ಲೇ ಭಾಷಣ ಶುರುಮಾಡಿದೆ. ಸರದಿಗೆ ಕುಳಿತವರು ಆಕಳಿಸಿದರು. ಜೊತೆಗೆ ಬಂದಿದ್ದ ಕಾಕಾ ಮಠದ ಅಜ್ಜಾರಿಗೆ ಫೋನ್ ಹಚ್ಚಿದರು, ಅಜ್ಜಾರು ಪೂಜೆಯಲ್ಲಿದ್ದರು.

ಮಷೀನು ನಡೆಸುವವಳು ಜೇವರ್ಗಿಯ ಮುಸಲ್ಮಾನ ಹೆಣ್ಣುಮಗಳು. ನನ್ನ ಭಾಷಣ ಮುಗಿಯುವ ಲಕ್ಷಣ ಕಾಣದೆ ತಾನೇ ಹೊರಗೆ ಬಂದಳು.

“ಅವ್ವಾ, ಪೂಜಾ ಮಾಡೂ ಮುಂದ ಲಿಂಗ ಎಲ್ಲಿ ಇಟ್ಕೋತೀರಿ?”

“ಎಡಗೈಯಾಗ.”

“ಹಂಗಾರ ಈಗೂ ಎಡಗೈಯಾಗ ಹಿಡ್ಕೋರಿ, ಕೈ ಸೊಂಟದ ಹತ್ರ ಇರಲಿ. ಸೂಜಿ ಬಲಗೈಗಿ ಹಾಕ್ತೇನಿ. ನಮಗ ಬೇಕಾಗಿದ್ದು ಕೊರಳು, ತಲಿ ಅಷ್ಟ. ಮೈ ಬೆಚ್ಚಗ ಆಗ್ತದ, ಅಂಜಬ್ಯಾಡ್ರಿ.”

ಅವ್ವ ಎದ್ದು ಆಕೆಯ ಹಿಂದೆ ನಡೆದೇಬಿಟ್ಟಳು. ವರ್ಷಗಟ್ಟಲೆ ಪಾಠ ಹೇಳಿದ ನನ್ನ ತಲೆಗೆ ಇಷ್ಟು ಹೊಳೆದಿರಲಿಲ್ಲ. ಪಗಾರ ಮಾತ್ರ ತಪ್ಪದೆ ಎಣಿಸುತ್ತೇನೆ.

ಸಂಜೆ ದೊಡ್ಡ ಡಾಕ್ಟರು ಕಂಪ್ಯೂಟರಿನಲ್ಲಿ ಫೋಟೊ ತೋರಿಸಿದರು. ಬಲಗಡೆಯ ನಾಳ ದಪ್ಪಗೆ ಮೇಲೆ ಹೋಗಿತ್ತು. ಎಡಗಡೆಯದು ದವಡೆಯ ಕೆಳಗೆ ಒಂದು ಕಡೆ ನೂಲಿನಷ್ಟಾಗಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

“ಮೊದ್ಲ ಯಾವಾಗರ ಹಿಂಗ ಆಗಿತ್ತೇನ್ರೀ ಅವ್ವಾ? ಸರಿಯಾಗಿ ಹೇಳ್ರಿ. ಮ್ಯಾಲಿಂದ ಮ್ಯಾಲೆ ಆಗ್ಯದ ಅಂದ್ರ ನಿಮ್ಮನ್ನ ಮನಿಗಿ ಕಳಸಂಗಿಲ್ಲ.”

“ಇಲ್ರೀ. ಇದ ಮೊದಲ್ನೇ ಸಲ,” ಅಂದಳು ಅವ್ವ. ನನ್ನ ಕಡೆ ನೋಡಲಿಲ್ಲ.

ಹಿಂದಿನ ವಾರ ನಾನು ಅಫಜಲಪುರದಲ್ಲಿದ್ದಾಗ ಎರಡು ಸಲ ಫೋನ್ ಮಾಡಿದ್ದಳು, ಕೈ ಜೋಮು ಹಿಡಿದು ಚಹಾದ ಕಪ್ಪು ಬಿತ್ತು ಅಂತ. ನಾನು ಉತ್ತರಪತ್ರಿಕೆ ತಿದ್ದುತ್ತ “ಬಿಸಿಲಿಂದು, ಮಜ್ಜಿಗಿ ಕುಡಿ” ಅಂದಿದ್ದೆ. ಎರಡೂ ಸಲ ಅದೇ ಮಜ್ಜಿಗೆ.

“ಸುಳ್ಳು ಹೇಳಾಕತ್ತಾಳ್ರೀ,” ಅಂದೆ. “ಇದು ಮೂರನೇ ಸಲ. ಮೊದಲಿನ ಎರಡೂ ನನಗ ಹೇಳಿದ್ಲು.”

ಡಾಕ್ಟರು ನನ್ನನ್ನೊಮ್ಮೆ ನೋಡಿ ಅಡ್ಮಿಟ್ ಚೀಟಿ ಬರೆಯತೊಡಗಿದರು. ಅವ್ವ ನನ್ನ ತೊಡೆ ಚಿವುಟಿ ಪಿಸುಗುಟ್ಟಿದಳು:

“ಸುಮ್ಮ ಇರಲೇ. ನಿನಗ ಮಂದಿ ಏನಂದಾರು?”